ತುಳಿದ ಕಾಲು

ಒದ್ದೆ ಹೊದಿಕೆಯ ಒಂದು ತುದಿ ಹೆಂಡತಿಯ ಕೈಯಲ್ಲಿ, ಇನ್ನೊಂದು ತುದಿ ಅವಳ ಗಂಡ, ಹಳೆಯ ಬಾಕ್ಸರನ ಕೈಯಲ್ಲಿ. ಇಬ್ಬರೂ ಹಿಂಡುತ್ತಿದ್ದಾಗ ಮಗಳು ಪತ್ರಿಕೆ ಹಿಡಿದು ಬಂದಳು.

"ಅಪ್ಪಾ, ಗೂಳಿ ಅಂತ ಕರೀತಿದ್ರಲ್ಲ, ನಿನ್ನ ಹಳೇ ಎದುರಾಳಿ, ಅವನು ಏನಂದಿದ್ದಾನೆ ಕೇಳು. ಅವನನ್ನ ನ್ಯಾಯವಾಗಿ ಕೆಡವಿದವನು ನೀನೊಬ್ಬನೇ ಅಂತೆ!"

ಮುದುಕ ಹೊದಿಕೆಯ ತುದಿ ಬಿಟ್ಟು ಮೆಟ್ಟಿಲ ಮೇಲೆ ಕೂತ. ಅಂದು ಕೊನೆಯ ಸುತ್ತಿನಲ್ಲಿ ಅವನು ಗೂಳಿಯ ಕಾಲು ತುಳಿದು ಹೊಡೆದದ್ದು ರೆಫರಿಯ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನು ಒಪ್ಪಿಕೊಂಡು ಗೂಳಿಗೆ ಬರೆದ ಕಾಗದ ನಲವತ್ತು ವರ್ಷದಿಂದ ಟ್ರಂಕಿನ ತಳದಲ್ಲೇ ಇತ್ತು. ಬಾಳಿನಲ್ಲಿ ಅವನು ಗಳಿಸಿದ್ದು ಆ ಪಂದ್ಯದ ಪದಕವೊಂದೇ.

"ಆ ಕಾಗದ ಈಗ ಕಳಿಸಿದ್ರೆ ಜನ ನಗ್ತಾರೆ ಕಣೇ," ಎಂದ ಹೆಂಡತಿಗೆ.

"ನಗಲಿ ಬಿಡಿ. ಇಷ್ಟು ವರ್ಷ ನಿದ್ದೇಲಿ ನೀವು ತುಳೀತಿರೋದು ನನ್ನ ಕಾಲು!"

ಅವನು ಕೈ ಒರೆಸಿಕೊಂಡು ಎದ್ದ. ಟ್ರಂಕಿನಿಂದ ಲಕೋಟೆ ತೆಗೆದು, ಅದರ ಹಳೆಯ ಅಂಚೆಚೀಟಿಯ ಪಕ್ಕದಲ್ಲಿ ಹೊಸದೊಂದನ್ನು ಅಂಟಿಸಿ, ಬೀದಿಯ ತಿರುವಿನ ಅಂಚೆಪೆಟ್ಟಿಗೆಗೆ ಕಾಗದ ಹಾಕಿದ.