ಮೆತ್ತಗಿನ ಮಾತು

ಪಕ್ಕದಲ್ಲಿ ಕೂತವರ ಹತ್ತಿರ ಸ್ವಲ್ಪ ಹೊತ್ತು ಮಾತಾಡಿ, ಆಮೇಲೆ ಅವರನ್ನು ಸಭೆಗೆ ಪರಿಚಯಿಸಬೇಕು ಎಂದು ವೇದಿಕೆಯ ಮೇಲಿದ್ದವರು ಹೇಳಿದ್ದೇ ತಡ, ಧನಲಕ್ಷ್ಮಿ ಬ್ಯಾಗನ್ನು ಹೆಗಲಿಗೇರಿಸಿ ಎದ್ದಳು. ಯಲಹಂಕದ ಆ ಶಿಕ್ಷಕರ ಸಮ್ಮೇಳನಕ್ಕೆ ಅವಳು ಬಂದಿದ್ದೇ ಸುಮ್ಮನೆ ಕೇಳಿಸಿಕೊಂಡು ಹೋಗಲು. ಮಾತಾಡಬೇಕಾಗುತ್ತದೆ ಎಂದು ಗೊತ್ತಿದ್ದರೆ ಹುಣಸಮಾರನಹಳ್ಳಿಯಲ್ಲಿ ಬಸ್ಸು ಹತ್ತುತ್ತಲೇ ಇರಲಿಲ್ಲ.

ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸು ದಾರಿ ಬಿಡಲಿಲ್ಲ. ಐವತ್ತು ದಾಟಿದವರು. ಕೊರಳಿನ ಬ್ಯಾಡ್ಜಿನಲ್ಲಿ 'ಶಹರ್ಬಾನು, ಗಣಿತ, ಆರ್.ಟಿ. ನಗರ' ಎಂದಿತ್ತು.

"ಎಲ್ಲಿಗೆ ಹೊರಟ್ರಿ? ನನ್ ಜೋಡಿ ನೀವೇ ಅಲ್ವಾ?"

"ಗಂಟಲು ಸರಿಯಿಲ್ಲ ಮೇಡಂ. ನೆಗಡಿ." ಧನಲಕ್ಷ್ಮಿಯ ಮಾತು ಅರ್ಧ ಗಾಳಿ, ಅರ್ಧ ಕರಕರ ಸದ್ದಾಗಿ ಹೊರಬಂತು.

ಶಹರ್ಬಾನು ಅವಳ ಮುಖವನ್ನೇ ನೋಡಿದರು. "ನೆಗಡಿ ಅಲ್ಲ ಕಣ್ರೀ ಇದು. ಡಾಕ್ಟ್ರಿಗೆ ತೋರಿಸಿದ್ರಾ?"

ಧನಲಕ್ಷ್ಮಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಕೂತುಬಿಟ್ಟಳು. ಧ್ವನಿತಂತುವಿನ ಮೇಲೆ ಗಂಟಾಗಿದೆ, ಕೂಗಿ ಪಾಠ ಮಾಡುವುದನ್ನು ನಿಲ್ಲಿಸಿ ಎಂದು ಡಾಕ್ಟರು ಹೇಳಿದ್ದು ಗಂಡನ ಹೊರತು ಯಾರಿಗೂ ಗೊತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ನಗುತ್ತಾ, ತಲೆಯಾಡಿಸುತ್ತಾ ದಿನ ತಳ್ಳುತ್ತಿದ್ದಳು. ಖಾಸಗಿ ಶಾಲೆ. ವಿಜ್ಞಾನ ಹೇಳುವವಳ ದನಿಯೇ ಹೋಗಿದೆ ಎಂದು ತಿಳಿದರೆ ಮುಂದಿನ ಜೂನ್‌ನಲ್ಲಿ ಅವಳ ಜಾಗದಲ್ಲಿ ಇನ್ಯಾರೋ ಇರುತ್ತಾರೆ. ಇಷ್ಟು ತಿಂಗಳು ನುಂಗಿಕೊಂಡಿದ್ದನ್ನೆಲ್ಲ, ಬೆಳಿಗ್ಗೆಯವರೆಗೆ ಮುಖವನ್ನೇ ಕಂಡಿರದ ಆ ಹೆಂಗಸಿನ ಕಿವಿಯಲ್ಲಿ ಪಿಸುಗುಟ್ಟತೊಡಗಿದಳು.

"ಪಿಸುಗುಟ್ಟಬೇಡಿ, ಅದ್ರಿಂದ ಗಂಟಲಿಗೆ ಇನ್ನೂ ಪೆಟ್ಟು. ಮೆತ್ತಗೆ ಮಾತಾಡಿ, ನಂಗೆ ಕೇಳ್ಸುತ್ತೆ," ಎಂದರು ಶಹರ್ಬಾನು. "ನಂಗೂ ಹಿಂಗೇ ಆಗಿತ್ತು. ಒಂದ್ ಬೇಸಿಗೆ ರಜಾ ಪೂರ್ತಿ ಬಾಯಿ ಬಿಡ್ಲಿಲ್ಲ. ಮನೇಲಿ ಎಲ್ರಿಗೂ ಹಬ್ಬ."

ಧನಲಕ್ಷ್ಮಿಗೆ ನಗು ಬಂತು. "ಆಮೇಲೆ ಕ್ಲಾಸಲ್ಲಿ ಹೆಂಗ್ ಮಾಡಿದ್ರಿ?"

"ಕೂಗೋದು ಬಿಟ್ಟೆ. ಗಲಾಟೆ ಮಾಡಿದ್ರೆ ಬೋರ್ಡ್ ಹತ್ರ ಸುಮ್ನೆ ನಿಂತ್ಕೋತಿದ್ದೆ. ಮೊದಮೊದಲು ಯಾರೂ ಕೇಳ್ಲಿಲ್ಲ. ಮನೆಗೆ ಹೋಗಿ ಅತ್ತಿದ್ದೀನಿ. ಆಮೇಲೆ ಮಕ್ಳೇ ಒಬ್ರಿಗೊಬ್ರು 'ಶ್' ಅನ್ನೋಕೆ ಶುರು ಮಾಡಿದ್ರು. ಹೆಡ್‌ಮಾಸ್ಟ್ರಿಗೆ ನಾನೇ ಹೋಗಿ ಹೇಳ್ದೆ. ಬೈತಾರೆ ಅನ್ಕೊಂಡಿದ್ದೆ, ಒಂದ್ ಸಣ್ಣ ಮೈಕ್ ಕೊಡಿಸಿದ್ರು." ಶಹರ್ಬಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ನಿಮ್ ಪ್ರಿನ್ಸಿಪಾಲ್ ಹೆಂಗೋ ಏನೋ ನಂಗೊತ್ತಿಲ್ಲ. ಒಬ್ರೇ ಹೇಳೋಕೆ ಭಯ ಆದ್ರೆ ನಾನು ಬರ್ತೀನಿ. ಶನಿವಾರ ಮಧ್ಯಾಹ್ನ ನಂಗೆ ಬಿಡುವು."

"ನನಗೋಸ್ಕರ ಹುಣಸಮಾರನಹಳ್ಳಿವರ್ಗೂ ಬರ್ತೀರಾ?"

"ಏರ್‌ಪೋರ್ಟ್ ರೋಡಲ್ಲಿ ಬಸ್ಸಿಗೇನ್ ಬರನಾ?"

ಅವರ ಸರದಿ ಬಂತು. ಶಹರ್ಬಾನು ಎದ್ದು, "ಇವರು ಧನಲಕ್ಷ್ಮಿ. ವಿಜ್ಞಾನದ ಮೇಡಂ, ಇವತ್ತಿಂದ ನನ್ನ ಸ್ನೇಹಿತೆ," ಎಂದಷ್ಟೇ ಹೇಳಿ ಕೂತರು. ಉಳಿದದ್ದನ್ನು ಹೇಳುವುದೂ ಬಿಡುವುದೂ ಧನಲಕ್ಷ್ಮಿಗೇ ಸೇರಿದ್ದು ಎಂಬಂತೆ ಮೈಕನ್ನು ಅವಳ ಕೈಗಿತ್ತರು.

ಧನಲಕ್ಷ್ಮಿ ಎದ್ದಳು. ಆ ಸಭೆಯಲ್ಲಿ ತನ್ನ ಶಾಲೆಯನ್ನು ಬಲ್ಲವರೂ ಇರಬಹುದು ಎಂಬುದು ನೆನಪಾಯಿತು. ಆದರೂ ಮೈಕನ್ನು ತುಟಿಯ ಹತ್ತಿರ ತಂದು ಮೆತ್ತಗೆ ಹೇಳಿದಳು. "ಇವರು ಶಹರ್ಬಾನು, ಗಣಿತದ ಮೇಡಂ. ನನ್ನ ದನಿ ಕೆಟ್ಟಿದೆ. ಅದು ಸರಿಯಾಗೋವರೆಗೂ ಹೇಗೆ ಪಾಠ ಮಾಡೋದು ಅಂತ ಈಗ ತಾನೇ ಹೇಳಿಕೊಟ್ರು."

ಎರಡು ಕಡೆ ದನಿ ಒಡೆಯಿತು. ಕೇಳಿಸಿಕೊಳ್ಳಲು ಜನ ಮುಂದಕ್ಕೆ ಬಾಗಿದರು. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಯಾರಿಗೂ ತೋಚಲಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ನರೆತ ತಲೆಯ ಮೇಷ್ಟ್ರೊಬ್ಬರು ತಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡು ಬಂದು ಅವರಿಬ್ಬರ ಪಕ್ಕಕ್ಕೆ ಹಾಕಿದರು. ನನಗೂ ಇದೇ ಎಂಬಂತೆ ಎರಡು ಬೆರಳಿನಿಂದ ತಮ್ಮ ಗಂಟಲನ್ನು ಮುಟ್ಟಿ ತೋರಿಸಿ, ಕೂತರು.