ಒಂದೇ ಗೂಟಕ್ಕೆ ಎರಡು ಹೋರಿ

“ಒಂದೇ ಗೂಟಕ್ಕೆ ಎರಡು ಹೋರಿ ಕಟ್ಟಿದ್ರೆ ಗುದ್ದಾಡದೆ ಮುದ್ದಾಡ್ತಾವಾ? ಯಾರಮ್ಮ ನಿನಗೆ ಕಂಪ್ಯೂಟರ್ ಕಲಿಸಿದ ಪುಣ್ಯಾತ್ಮ?” ಪ್ರೆಸ್ಸಿನ ಮಾಲೀಕ ಮರಿಸ್ವಾಮಿ ಆಪರೇಟರ್ ನೀಲಮ್ಮನ ಮೇಲೆ ಹಾರಾಡಿದ.

ಅವನ ಹಳೆಯ ಕನ್ನಡ ಫಾಂಟಿನ ಅಕ್ಷರಗಳು ಹಳೆಯ ವಿಂಡೋಸ್‌ನಲ್ಲಿ ಮಾತ್ರ ಮೂಡುತ್ತಿದ್ದವು. ಅದಕ್ಕೆಂದೇ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೆಯ ಕಂಪ್ಯೂಟರೊಂದನ್ನು ನಡೆಸುವ ಪ್ರೋಗ್ರಾಂ ಹಾಕಿಸಿದ್ದ. ನಿನ್ನೆ ನೀಲಮ್ಮ ಅಂಥದ್ದೇ ಇನ್ನೊಂದನ್ನು ಹಾಕಿದ್ದಳು. ಈಗ ಎರಡೂ ಜಗ್ಗಾಡಿಕೊಂಡು, ಯಾವುದೂ ತೆರೆಯದೆ ಕೂತಿದ್ದವು. ಊರ ಶಾಲೆಯ ನೂರನೇ ವರ್ಷದ ಸಂಚಿಕೆ, ಮುನ್ನೂರು ಪುಟ, ಸಂಜೆಯೊಳಗೆ ಅಚ್ಚಿಗೆ ಹೋಗಬೇಕಿತ್ತು.

“ಯಜಮಾನ್ರೇ, ಒಂದ್ನಿಮಿಷ ಕೇಳಿ. ಆ ಹೊಸದ್ರೊಳಗೆ...”

“ಬಾಯ್ಮುಚ್ಚು! ನೀನು ಹುಟ್ಟೋಕೆ ಮುಂಚೆ ಅಚ್ಚುಮೊಳೆ ಜೋಡಿಸಿದೋನು ನಾನು. ನಿನ್ನ ಹೊಸದನ್ನ ಈಗ್ಲೇ ಕಿತ್ತು ಬಿಸಾಕ್ತೀನಿ.”

ಅವನೇ ಕೂತು ಹೊಸದನ್ನು ತೆಗೆಯಹೊರಟಾಗ, ಅದರೊಳಗಿರುವ ಫೈಲುಗಳನ್ನೂ ಅಳಿಸಲೇ ಎಂದು ಯಂತ್ರ ಕೇಳಿತು.

“ಬೇರುಸಮೇತ ಹೋಗ್ಲಿ,” ಎಂದು ಮರಿಸ್ವಾಮಿ ಗುಂಡಿ ಒತ್ತಿದ.

ನೀಲಮ್ಮ ಪರದೆಯನ್ನೊಮ್ಮೆ ನೋಡಿದಳು. ಊಟದ ಡಬ್ಬಿ ಎತ್ತಿಕೊಂಡು ಹೊರಟವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

“ಪೀಡೆ ತೊಲಗಿತು,” ಎಂದು ಅವನು ತನ್ನ ಹಳೆಯದನ್ನು ತೆರೆದ. ಅದು ಥಟ್ಟನೆ ತೆರೆದುಕೊಂಡಿತು. ಖಾಲಿ ಪರದೆಯ ನಡುವೆ ಒಂದೇ ಒಂದು ಟಿಪ್ಪಣಿಯಿತ್ತು: “ಯಜಮಾನ್ರೇ, ಇದು ಪದೇ ಪದೇ ಕೆಡ್ತಾ ಇದೆ. ಸಂಚಿಕೆ ಪೂರ್ತಿ ಹೊಸದರೊಳಗೆ ಸಾಗಿಸಿದ್ದೀನಿ. ಇನ್ನು ಅದನ್ನೇ ತೆರೀರಿ.”