ರಕ್ಷಾಪುಟಕ್ಕೊಂದು ಅಭಿಪ್ರಾಯ

ತ್ರಿತ್ವದ ರಹಸ್ಯದ ಬಗ್ಗೆ ಫಾದರ್ ಹಿಲರಿ ಬರೆದ ಮುನ್ನೂರು ಪುಟದ ಪುಸ್ತಕ ಆ ಇಗರ್ಜಿಗೆ ಸೇರಿದ ಪ್ರತಿ ಮನೆಯಲ್ಲೂ ಇತ್ತು. ಇರದೆ ಏನು? ಪಾಪನಿವೇದನೆಗೆ ಬಂದವರಿಗೆಲ್ಲ ಅವರು ಮೂರು ನಮೋ ಮರಿಯ ಜಪದ ಬದಲು ಅದರ ಒಂದು ಅಧ್ಯಾಯ ಓದುವ ಪ್ರಾಯಶ್ಚಿತ್ತ ಕೊಡುತ್ತಿದ್ದರು.

ಮರುಮುದ್ರಣದ ರಕ್ಷಾಪುಟಕ್ಕೆ ಓದುಗರೊಬ್ಬರ ಅಭಿಪ್ರಾಯ ಬೇಕೆಂದು ಪ್ರಕಾಶಕರು ಕೇಳಿದಾಗ ಫಾದರ್ ನೇರವಾಗಿ ಸಿಂಪ್ರೋಜಾ ಬಾಯಿಯ ಮನೆಗೆ ನಡೆದರು. ಗಡಿಯಲ್ಲಿದ್ದ ಒಂದು ಹಲಸಿನ ಮರಕ್ಕಾಗಿ ಪಕ್ಕದ ಮನೆಯ ಆಪೊಲಿನ್‌ಳನ್ನು ಇಪ್ಪತ್ತು ವರ್ಷ ಬೇಲಿಯ ಮೇಲಿಂದ ಬೈದ ಹೆಂಗಸು ಆಕೆ. ಈಗ ಎರಡು ತಿಂಗಳಿಂದ ಬೇಲಿಯ ಹತ್ತಿರ ಸದ್ದೇ ಇರಲಿಲ್ಲ.

"ನನ್ನ ಪುಸ್ತಕ ಓದಿದ್ರಾ?"

"ಮೊದಲನೇ ಅಧ್ಯಾಯ ಪೂರ್ತಿ ಓದಿದ್ದೇನೆ ಫಾದರ್. ಆಮೇಲೆ ಆಪೊಲಿನ್‌ಗೆ ಒಂದು ಮಾತೂ ಬೈದಿಲ್ಲ."

ಫಾದರ್ ಕಣ್ಣು ತೇವವಾಯಿತು. ಜೇಬಿನಿಂದ ಪೆನ್ನು ತೆಗೆದರು.

"ಬೈಯಬೇಕು ಅಂತ ಅನಿಸುವುದೇ ಇಲ್ವಾ ಈಗ?"

"ದಿನಾ ಅನಿಸ್ತದೆ. ನಿನ್ನೆ ಅವಳು ಇದ್ದದ್ದರಲ್ಲಿ ದೊಡ್ಡ ಹಲಸಿನಕಾಯಿಯನ್ನೇ ಕೊಯ್ದಳು. ನಾಲಿಗೆ ತುದಿಗೆ ಬಂದಿತ್ತು ಫಾದರ್. ಅಷ್ಟರಲ್ಲಿ ನಿಮ್ಮ ಪುಸ್ತಕ ನೆನಪಾಯ್ತು, ನುಂಗಿಕೊಂಡೆ."

ಇಷ್ಟನ್ನೂ ಬರೆದುಕೊಂಡ ಫಾದರ್ ಮೆಲ್ಲಗೆ ಕೇಳಿದರು, "ಪುಸ್ತಕದ ಯಾವ ಮಾತು ನೆನಪಾಯ್ತು?"

ಸಿಂಪ್ರೋಜಾ ಬಾಯಿ ಸೆರಗು ಸರಿಪಡಿಸಿಕೊಂಡಳು. ಫಾದರ್ ಎದುರು ಸುಳ್ಳು ಹೇಳುವ ಹಾಗಿಲ್ಲ.

"ಮಾತು ಒಂದೂ ಅರ್ಥ ಆಗಲಿಲ್ಲ ಫಾದರ್. ಇನ್ನೊಮ್ಮೆ ಬೈದರೆ ಎರಡನೇ ಅಧ್ಯಾಯ ಓದಬೇಕಲ್ಲ."